ನ್ಯಾನೋಸೆಕೆಂಡ್ ಪಲ್ಸ್ ಕತ್ತರಿಸಲು ಯಾವುದು ಸರಿ: ಕೆಪಾಸಿಟರೋ, ಕಾಯಿಲೋ, ಕೇಬಲ್ ತುಂಡೋ?

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಈಗ ಗೇಟಿನಿಂದ ಬಂಗಲೆವರೆಗೆ, ಕಣದಿಂದ ಗೋದಾಮಿನವರೆಗೆ ಸಿಸಿಟಿವಿ ಕೇಬಲ್ ಎಳೆದಿರುತ್ತಾರೆ. ಮಳೆಗಾಲದಲ್ಲಿ ಅದು ಎಲ್ಲೋ ಒಂದು ಕಡೆ ನೀರು ಕುಡಿಯುತ್ತದೆ, ಇಲ್ಲವೇ ಹೆಗ್ಗಣ ಕಡಿಯುತ್ತದೆ. ಎಲ್ಲಿ ಅಂತ ನೆಲ ಅಗೆಯದೆ ತಿಳಿಯಬೇಕಾದರೆ ಕೇಬಲ್‌ಗೆ ಒಂದು ಚಿಕ್ಕ ಪಲ್ಸ್ ಕಳಿಸಿ, ಅದರ ಪ್ರತಿಧ್ವನಿ ಎಷ್ಟು ಹೊತ್ತಿಗೆ ಮರಳಿತು ಅಂತ ನೋಡಬೇಕು. ಪಲ್ಸ್ ಅಗಲವಾಗಿದ್ದರೆ ಹೋಗಿದ್ದೂ ಬಂದದ್ದೂ ಒಂದರ ಮೇಲೊಂದು ಬಿದ್ದು ಏನೂ ಗೊತ್ತಾಗುವುದಿಲ್ಲ. 10 ನ್ಯಾನೋಸೆಕೆಂಡ್ ಪಲ್ಸ್ ಇದ್ದರೆ ಮೀಟರ್ ಲೆಕ್ಕದಲ್ಲಿ ಜಾಗ ಹೇಳಬಹುದು.

ಇಂಥ ಪಲ್ಸ್ ಬೇರೆಯವರಿಗೂ ಬೇಕು. ಕಾಲೇಜು ಪ್ರಾಜೆಕ್ಟಿಗೆ ಕಾಸ್ಮಿಕ್ ಕಿರಣಗಳ ಡಿಟೆಕ್ಟರ್ ಕಟ್ಟುವವರು, ಹ್ಯಾಮ್ ರೇಡಿಯೋದವರು, ತಮ್ಮ ಸ್ಕೋಪ್ (ಸಿಗ್ನಲ್‌ನ ಆಕಾರವನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪ್) ನಿಜಕ್ಕೂ ಎಷ್ಟು ಚುರುಕು ಅಂತ ಪರೀಕ್ಷಿಸುವವರು. 1982ರಿಂದ ಇಸ್ರೋದ ಎಂಸಿಎಫ್ (ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ) ಇರುವ ಊರು ಅಂತಲೋ ಏನೋ, ಹಾಸನದ ಹುಡುಗರಲ್ಲಿ ಒಂದು ನಂಬಿಕೆ ಇದೆ: ನ್ಯಾನೋಸೆಕೆಂಡ್ ಅಂದರೆ ಲಕ್ಷಗಟ್ಟಲೆ ಬೆಲೆಯ ಉಪಕರಣವೇ ಬೇಕು ಅಂತ. ಅಳೆಯುವುದಕ್ಕೆ ಬೇಕಾಗಬಹುದು. ರೂಪಿಸುವುದಕ್ಕೆ ರೆಸಿಸ್ಟರ್, ಕೆಪಾಸಿಟರ್, ತಂತಿ, ಕೇಬಲ್ ಸಾಕು.

ಯಾವುದನ್ನು ಆರಿಸಬೇಕು ಅನ್ನುವಾಗ ಎಲ್ಲರೂ ಕೇಳುವುದು "ಎಷ್ಟು ಕಿರಿದಾಗಿ ಬರುತ್ತೆ?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು "ಪಲ್ಸ್ ಮುಗಿದ ಮೇಲೆ ಏನು ಉಳಿಯುತ್ತೆ?" ಅಂತ. ಕಿರಿದು ಮಾಡುವುದು ಸುಲಭ. ಬಾಲ ಇಲ್ಲದಂತೆ ಮಾಡುವುದೇ ಕೆಲಸ. ಮುಂದಿನ ಹೋಲಿಕೆಯನ್ನೆಲ್ಲ ನಾನು ಈ ಬಾಲ ಹಿಡಿದೇ ಮಾಡಿದ್ದೇನೆ.

ಮೊದಲು ಮೂಲದ ವಿಷಯ

ರೆಸಿಸ್ಟರ್, ಕೆಪಾಸಿಟರ್, ತಂತಿಯಷ್ಟೇ ಇರುವ ಪ್ಯಾಸಿವ್ ಸರ್ಕ್ಯೂಟ್, ಮೂಲ ಅಂದರೆ ಸಿಗ್ನಲ್ ಕೊಡುವ ಸರ್ಕ್ಯೂಟಿನಿಂದ ಬಂದ ಎಡ್ಜನ್ನು (ವೋಲ್ಟೇಜ್ ಥಟ್ಟನೆ ಏರುವ ಅಥವಾ ಇಳಿಯುವ ಜಾಗವನ್ನು) ಕತ್ತರಿಸುತ್ತದೆ ಅಷ್ಟೆ, ಇಲ್ಲದ ವೇಗವನ್ನು ತಂದುಕೊಡುವುದಿಲ್ಲ. (ಸ್ಟೆಪ್ ರಿಕವರಿ ಡಯೋಡ್‌ನಂಥ ಕೆಲವು ಭಾಗಗಳು ಎಡ್ಜನ್ನೇ ಚೂಪು ಮಾಡುತ್ತವೆ. ಆದರೆ ಅವು ಅಗ್ಗವೂ ಅಲ್ಲ, ನಮ್ಮ ಕಡೆ ಸಿಗುವುದೂ ಇಲ್ಲ. ಇಲ್ಲಿ ಬಿಟ್ಟುಬಿಡೋಣ.) ಆರು ಗೇಟುಗಳಿರುವ 74ಎಚ್‌ಸಿ14 ಐಸಿಯ ಎಡ್ಜ್ ಏರಲು ಸುಮಾರು 7 ನ್ಯಾನೋಸೆಕೆಂಡ್ ಬೇಕು. ಅದೇ ಕಾಲುಗಳಿರುವ 74ಎಸಿ14 ಅದಕ್ಕಿಂತ ಬಹಳ ಚುರುಕು, 2-3 ನ್ಯಾನೋಸೆಕೆಂಡ್‌ನ ಆಸುಪಾಸು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಹಾಗಾಗಿ ಎಸಿ ತಗೊಳ್ಳಿ.

ಒಂದು ಗೇಟನ್ನು ಆಸಿಲೇಟರ್ ಮಾಡಿ. ಉಳಿದ ಐದನ್ನು ಪಕ್ಕಪಕ್ಕ ಜೋಡಿಸಿ, ಪ್ರತಿಯೊಂದರ ಔಟ್‌ಪುಟ್‌ಗೂ 220 ಓಮ್ ಹಾಕಿ ಒಂದೇ ಜಾಗಕ್ಕೆ ತನ್ನಿ. ಗೇಟಿನ ಒಳಗಿನ ರೆಸಿಸ್ಟೆನ್ಸನ್ನೂ ಸೇರಿಸಿದರೆ ಒಟ್ಟು ಹತ್ತಿರಹತ್ತಿರ 50 ಓಮ್ ಆಗುತ್ತದೆ. 5 ವೋಲ್ಟ್ ಸಪ್ಲೈ ಕೊಟ್ಟರೆ 50 ಓಮ್ ಲೋಡ್ ಮೇಲೆ ಸುಮಾರು 2.5 ವೋಲ್ಟ್ ಸಿಗುತ್ತದೆ. ಇನ್ನು ಮುಂದಿನ ಲೆಕ್ಕವೆಲ್ಲ ಈ ಮೂಲವನ್ನು ಇಟ್ಟುಕೊಂಡೇ.

ಕೆಪಾಸಿಟರ್: ಟ್ರಿಗರ್ ಸಾಕು ಅನ್ನುವವರಿಗೆ

ಸಾಲಿನಲ್ಲಿ ಒಂದು ಚಿಕ್ಕ ಕೆಪಾಸಿಟರ್, ಆಚೆ 50 ಓಮ್ ಲೋಡ್. ಇದಕ್ಕಿಂತ ಸರಳ ಇನ್ನೊಂದಿಲ್ಲ. ಒಂದೇ ಎಚ್ಚರ: ಟೈಮ್ ಕಾನ್‌ಸ್ಟೆಂಟ್ (ರೆಸಿಸ್ಟೆನ್ಸ್ ಗುಣಿಸು ಕೆಪಾಸಿಟೆನ್ಸ್, ಪಲ್ಸ್ ಎಷ್ಟು ಬೇಗ ಇಳಿಯುತ್ತದೆ ಅನ್ನುವುದರ ಅಳತೆ) ಲೆಕ್ಕ ಹಾಕುವಾಗ ಲೋಡಿನ 50 ಮಾತ್ರ ಹಿಡಿಯಬೇಡಿ. ಮೂಲದ 50 ಓಮ್ ಕೂಡ ಅದೇ ದಾರಿಯಲ್ಲಿದೆ. ಒಟ್ಟು 100 ಓಮ್. ಹಾಗಾಗಿ 1 ನ್ಯಾನೋಸೆಕೆಂಡ್‌ಗೆ ಬೇಕಾದ್ದು 10 ಪಿಕೋಫ್ಯಾರಡ್, 20 ಅಲ್ಲ.

ಕೆಪಾಸಿಟರ್‌ನ ದೊಡ್ಡ ಗುಣ ಅಂದರೆ ಡಿಸಿಯನ್ನು ತಡೆಯುತ್ತದೆ. ಮೂಲ ಎಷ್ಟು ಹೊತ್ತು ಹೈ ಆಗಿ ನಿಂತರೂ ಏನೂ ಬಿಸಿಯಾಗುವುದಿಲ್ಲ. ದೋಷ ಅದರ ಬಾಲ. ಪಲ್ಸ್ ನೆಟ್ಟಗೆ ಕೆಳಗೆ ಬೀಳದೆ ಇಳಿಜಾರಿನಲ್ಲಿ ಜಾರಿದಂತೆ ಇಳಿಯುತ್ತದೆ. ಒಂದು ಟೈಮ್ ಕಾನ್‌ಸ್ಟೆಂಟ್ ಕಳೆದಾಗ 37 ಪರ್ಸೆಂಟ್ ಉಳಿದಿರುತ್ತದೆ. 10 ಪರ್ಸೆಂಟ್‌ಗೆ ಇಳಿಯಲು 2.3 ಪಟ್ಟು, 1 ಪರ್ಸೆಂಟ್‌ಗೆ 4.6 ಪಟ್ಟು ಹೊತ್ತು ಬೇಕು. ಕೌಂಟರ್ ಓಡಿಸಲು, ಸ್ಕೋಪ್ ಟ್ರಿಗರ್ ಮಾಡಲು ಇದರಿಂದ ತೊಂದರೆ ಇಲ್ಲ. ಅಲ್ಲಿ ಬೇಕಾದ್ದು ಮುಂದಿನ ಎಡ್ಜ್ ಮಾತ್ರ. ಆದರೆ ತೋಟದ ಕೇಬಲ್‌ನಲ್ಲಿ ನೀರು ಕುಡಿದ ಜಾಗದಿಂದ ಬರುವ ಪ್ರತಿಧ್ವನಿ ತೀರಾ ಸಣ್ಣದು. ಹತ್ತಿರದಲ್ಲೇ ಇದ್ದರೆ ಈ ಬಾಲದೊಳಗೆ ಮುಳುಗಿ ಹೋಗುತ್ತದೆ.

ಇನ್ನೊಂದು ವಿಷಯ, ಎತ್ತರ. ಎಡ್ಜ್ 2.5 ನ್ಯಾನೋಸೆಕೆಂಡ್ ಇದ್ದು ಟೈಮ್ ಕಾನ್‌ಸ್ಟೆಂಟ್ 1 ನ್ಯಾನೋಸೆಕೆಂಡ್ ಇಟ್ಟರೆ ಪೂರ್ತಿ 2.5 ವೋಲ್ಟ್ ಬರುವುದಿಲ್ಲ. ಹೆಚ್ಚುಕಡಿಮೆ 0.9 ವೋಲ್ಟ್ ಬರುತ್ತದೆ. ಕೆಪಾಸಿಟರ್ ಇನ್ನೂ ಸಣ್ಣದು ಮಾಡಿದರೆ ಪಲ್ಸ್ ಕಿರಿದಾಗುವುದು ನಿಲ್ಲುತ್ತದೆ, ಎತ್ತರ ಮಾತ್ರ ಇಳಿಯುತ್ತಾ ಹೋಗುತ್ತದೆ. ಈ ಮಾತು ಕಾಯಿಲ್‌ಗೂ ಕೇಬಲ್‌ಗೂ ಅನ್ವಯಿಸುತ್ತದೆ.

ಕಾಯಿಲ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಗ್ನಲ್ ತಂತಿಯಿಂದ ಗ್ರೌಂಡ್‌ಗೆ ಒಂದು ಸಣ್ಣ ಇಂಡಕ್ಟರ್ ಹಾಕಿದರೂ ಅದೇ ಆಕಾರ, ಅದೇ ಬಾಲ. ಇಲ್ಲಿ ಮೂಲ ಮತ್ತು ಲೋಡ್ ಎರಡೂ ಸಮಾನಾಂತರವಾಗಿ ನಿಂತು 25 ಓಮ್ ಆಗುತ್ತವೆ. 1 ನ್ಯಾನೋಸೆಕೆಂಡ್‌ಗೆ 25 ನ್ಯಾನೋಹೆನ್ರಿ ಬೇಕು. ಬರೀ ತಂತಿಯೇ ಸೆಂಟಿಮೀಟರ್‌ಗೆ ಸುಮಾರು 10 ನ್ಯಾನೋಹೆನ್ರಿ ಇರುವುದರಿಂದ ಎರಡೂವರೆ ಸೆಂಟಿಮೀಟರ್ ತಂತಿ ಸಾಕು. ಅಂದರೆ ಖರ್ಚು ಸೊನ್ನೆ. ಕೆಪಾಸಿಟರ್ ಇರುವಾಗ ಇದನ್ನು ಯಾಕೆ ಆರಿಸಬೇಕು ಅಂದರೆ, ನನಗೆ ಹೊಳೆಯುವ ಕಾರಣ ಒಂದೇ: ಔಟ್‌ಪುಟ್ ಗ್ರೌಂಡ್ ಮಟ್ಟಕ್ಕೆ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಅದು ಬೇಕಿಲ್ಲದಿದ್ದರೆ ಇದೂ ಬೇಕಿಲ್ಲ.

ಶಾರ್ಟ್ ಮಾಡಿದ ಕೇಬಲ್ ತುಂಡು

ನನ್ನ ಆಯ್ಕೆ ಇದು. ಸಿಗ್ನಲ್ ದಾರಿಗೆ ಒಂದು ಬಿಎನ್‌ಸಿ ಟೀ (ಟಿ ಆಕಾರದ, ಮೂರು ಬಾಯಿಯ ಕೇಬಲ್ ಕನೆಕ್ಟರ್) ಹಾಕಿ. ಅದರ ಅಡ್ಡ ಕಾಲಿಗೆ ಒಂದು ಕೋಆಕ್ಸಿಯಲ್ ಕೇಬಲ್ ಸಿಕ್ಕಿಸಿ. ಅದರ ಆಚೆ ತುದಿಯಲ್ಲಿ ಒಳತಂತಿಯನ್ನು ಹೊರಜಾಲರಿಗೆ ಶಾರ್ಟ್ ಮಾಡಿ. ಎಡ್ಜ್ ಟೀಗೆ ಬಂದಾಗ ಒಂದು ಪಾಲು ಲೋಡಿಗೆ ಹೋಗುತ್ತದೆ, ಇನ್ನೊಂದು ಪಾಲು ಈ ತುಂಡಿನೊಳಗೆ ಹೋಗುತ್ತದೆ. ಶಾರ್ಟಿಗೆ ಬಡಿದು ತಲೆಕೆಳಗಾಗಿ ಮರಳುತ್ತದೆ. ಮರಳಿ ಬಂದ ಕ್ಷಣ ಟೀಯಲ್ಲಿದ್ದ ವೋಲ್ಟೇಜನ್ನು ಅಳಿಸಿಹಾಕುತ್ತದೆ. ಹೋಗಿ ಬರುವ ಹೊತ್ತೇ ಪಲ್ಸ್‌ನ ಅಗಲ.

ಲೆಕ್ಕವೂ ಸಲೀಸು. ಆರ್‌ಜಿ-58ನಂಥ ಗಟ್ಟಿ ಪಾಲಿಥೀನ್ ತುಂಬಿದ ಕೇಬಲ್‌ನಲ್ಲಿ ಸಿಗ್ನಲ್ ಬೆಳಕಿನ ವೇಗದ 66 ಪರ್ಸೆಂಟ್‌ನಲ್ಲಿ ಓಡುತ್ತದೆ. ಮೀಟರ್‌ಗೆ 5 ನ್ಯಾನೋಸೆಕೆಂಡ್. ಹೋಗಿ ಬರಲು 10. ಒಂದು ಮೀಟರ್ ಕತ್ತರಿಸಿದರೆ 10 ನ್ಯಾನೋಸೆಕೆಂಡ್ ಪಲ್ಸ್, ಅರ್ಧ ಮೀಟರ್‌ಗೆ 5. ಟೇಪು ಹಿಡಿದು ಪಲ್ಸ್ ಅಳೆಯಬಹುದು. ಡಿಶ್ ಟಿವಿಗೆ ಬಳಸುವ ಆರ್‌ಜಿ-6ರಲ್ಲಿ ನೊರೆ ತುಂಬಿರುವುದರಿಂದ ವೇಗ ಜಾಸ್ತಿ, ಮೀಟರ್‌ಗೆ ಹೋಗಿ ಬರಲು ಸುಮಾರು 8. ಮಾಮೂಲಿ 1.6 ಮಿಲಿಮೀಟರ್ ಪಿಸಿಬಿ ಮೇಲೆ 3 ಮಿಲಿಮೀಟರ್ ಅಗಲದ ಗೆರೆ ಎಳೆದರೆ ಅದೇ 50 ಓಮ್ ಲೈನ್ ಆಗುತ್ತದೆ, 8 ಸೆಂಟಿಮೀಟರ್‌ಗೆ ಸುಮಾರು 1 ನ್ಯಾನೋಸೆಕೆಂಡ್ ಸಿಗುತ್ತದೆ.

ಇಷ್ಟು ಎಲ್ಲ ಕಡೆ ಸಿಗುವ ಮಾಹಿತಿ. ಕಟ್ಟಿ ನೋಡಿದವರು ಗೊಣಗುವುದು ಮುಂದಿನದಕ್ಕೆ. 50 ಓಮ್ ಮೂಲ, 50 ಓಮ್ ಲೋಡ್, ನಡುವೆ ಒಂದು 50 ಓಮ್ ತುಂಡು ಹಾಕಿದರೆ ಪಲ್ಸ್ ಸೊನ್ನೆಗೆ ಬರುವುದಿಲ್ಲ! ಮೂರನೇ ಒಂದು ಭಾಗಕ್ಕೆ ಇಳಿದು ನಿಲ್ಲುತ್ತದೆ. ಅಷ್ಟೇ ಹೊತ್ತು ಕಳೆದ ಮೇಲೆ ಒಂಬತ್ತನೇ ಒಂದು ಭಾಗ, ಆಮೇಲೆ ಇಪ್ಪತ್ತೇಳನೇ ಒಂದು ಭಾಗ. ಮೆಟ್ಟಿಲು ಮೆಟ್ಟಿಲಾದ ಬಾಲ. ಬೇಸರಪಟ್ಟು ಕೇಬಲ್ ಕೈಬಿಟ್ಟು ಕೆಪಾಸಿಟರ್‌ಗೆ ಹೋಗುವವರು ಹೆಚ್ಚಾಗಿ ಇಲ್ಲೇ ಹೋಗುವುದು.

ಕಾರಣ ಇಷ್ಟೆ. ತುಂಡಿನಿಂದ ಮರಳಿ ಬರುವ ಅಲೆಗೆ ಟೀ ಹತ್ತಿರ ಕಾಣುವುದು 50 ಓಮ್ ಅಲ್ಲ. ಮೂಲದ 50, ಲೋಡಿನ 50, ಎರಡೂ ಸಮಾನಾಂತರವಾಗಿ ಕಾಣುತ್ತವೆ. ಅಂದರೆ 25. ಹೊಂದಿಕೆ ಇಲ್ಲ, ಹಾಗಾಗಿ ಒಂದಷ್ಟು ಮತ್ತೆ ತುಂಡಿನೊಳಗೆ ಹೋಗಿ ಮತ್ತೆ ಮರಳುತ್ತದೆ. ನೆನಪಿಡಬೇಕಾದ ನಿಯಮ ಒಂದೇ: ಟೀಯಲ್ಲಿ ತುಂಡನ್ನು ಬಿಟ್ಟು ಉಳಿದದ್ದೆಲ್ಲ ಸೇರಿ ಎಷ್ಟು ಓಮ್ ಆಗುತ್ತದೋ, ತುಂಡಿನ ಇಂಪೀಡೆನ್ಸ್ (ಕೇಬಲ್ ಮೇಲೆ ಬರೆದಿರುವ 50, 75 ಓಮ್) ಅಷ್ಟೇ ಇರಬೇಕು. ಆಗ ಮರಳಿದ ಅಲೆ ಪೂರ್ತಿ ನುಂಗಿಹೋಗುತ್ತದೆ, ಬಾಲ ಇರುವುದಿಲ್ಲ.

ಇದನ್ನು ಹಿಡಿದು ನೋಡಿದರೆ ಮೂರು ಸಂದರ್ಭ ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತವೆ. ಲೋಡ್ ಬದಲಿಗೆ ಟೀ ನೇರ ಸ್ಕೋಪ್‌ನ 1 ಮೆಗಾಓಮ್ ಇನ್‌ಪುಟ್ ಮೇಲೇ ಕೂತಿದ್ದರೆ, ಉಳಿದದ್ದು ಮೂಲದ 50 ಮಾತ್ರ. ಒಂದೇ 50 ಓಮ್ ತುಂಡು ಸರಿಹೋಗುತ್ತದೆ. ಕಾಸ್ಮಿಕ್ ಕಿರಣಗಳ ಡಿಟೆಕ್ಟರ್‌ನ ಫೋಟೋಮಲ್ಟಿಪ್ಲೈಯರ್ (ಮಂದ ಬೆಳಕನ್ನು ಕರೆಂಟ್ ಮಾಡುವ ಟ್ಯೂಬ್) ಕರೆಂಟ್ ಮೂಲದಂತೆ ನಡೆದುಕೊಳ್ಳುತ್ತದೆ, ಅದರ ಸ್ವಂತ ಇಂಪೀಡೆನ್ಸ್ ಬಹಳ ದೊಡ್ಡದು. ಅಲ್ಲಿ ಉಳಿದದ್ದು ಲೋಡಿನ 50 ಮಾತ್ರ. ಅಲ್ಲೂ ಒಂದೇ ತುಂಡು ಸಾಕು. ಎರಡೂ ಕಡೆ 50 ಇದ್ದರೆ ಬೇಕಾದ್ದು 25 ಓಮ್ ತುಂಡು. ಅಂಗಡಿಯಲ್ಲಿ 25 ಓಮ್ ಕೇಬಲ್ ಕೇಳಿದರೆ ವಿಚಿತ್ರವಾಗಿ ನೋಡುತ್ತಾರೆ. ಬೇಕಿಲ್ಲ. ಒಂದೇ ಉದ್ದದ ಎರಡು ಆರ್‌ಜಿ-58 ತುಂಡುಗಳನ್ನು ಸಮಾನಾಂತರವಾಗಿ ಹಾಕಿ, ಎರಡನ್ನೂ ಶಾರ್ಟ್ ಮಾಡಿ.

ನನಗೆ ಇದರಲ್ಲಿ ತುಂಬ ಇಷ್ಟವಾದ ಲೆಕ್ಕ ಇನ್ನೊಂದಿದೆ. ಟಿವಿ ಕೇಬಲ್ 75 ಓಮ್. ಒಂದನ್ನೇ ಹಾಕಿದರೆ ಬಾಲ ಅರ್ಧ, ಕಾಲು, ಅರೆಕಾಲು ಅಂತ ಇಳಿಯುತ್ತದೆ, 50 ಓಮ್ ತುಂಡಿಗಿಂತಲೂ ಕೆಟ್ಟದು. ಆದರೆ ಮೂರನ್ನು ಸೇರಿಸಿ ಹಾಕಿದರೆ? 75ನ್ನು ಮೂರರಿಂದ ಭಾಗಿಸಿ. ಸರಿಯಾಗಿ 25! ಕೇಬಲ್ ಹುಡುಗರು ಕೆಲಸ ಮುಗಿಸಿ ಬಿಟ್ಟುಹೋದ ತುಂಡುಗಳಲ್ಲೇ ಬಾಲವಿಲ್ಲದ ಪಲ್ಸ್ ಬರುತ್ತದೆ.

ಬಿಟ್ಟಿ ಸಿಗುವುದಿಲ್ಲ, ಎತ್ತರ ಕೊಡಬೇಕು. ತುಂಡು ಇಲ್ಲದಾಗ ಲೋಡ್ ಮೇಲೆ 2.5 ವೋಲ್ಟ್ ಇತ್ತು ಅಂದುಕೊಳ್ಳಿ. ಒಂದು 75 ಓಮ್ ತುಂಡಿದ್ದರೆ ಮುಕ್ಕಾಲು ಪಾಲು ಉಳಿಯುತ್ತದೆ, ಒಂದು 50 ಇದ್ದರೆ ಮೂರರಲ್ಲಿ ಎರಡು ಪಾಲು, 25 ಆದಾಗ ಅರ್ಧ, ಅಂದರೆ 1.25 ವೋಲ್ಟ್. ನನ್ನ ಮಟ್ಟಿಗೆ ಇದು ಲಾಭದ ವ್ಯಾಪಾರ. ಪ್ರತಿಧ್ವನಿ ಹುಡುಕುವವರಿಗೆ ಎರಡು ವೋಲ್ಟಿಗಿಂತ ಸ್ವಚ್ಛವಾದ ಒಂದು ವೋಲ್ಟೇ ಮೇಲು.

ಡಿಸಿ ವಿಷಯದಲ್ಲಿ ಮಾತ್ರ ಕೇಬಲ್ ಕೆಪಾಸಿಟರ್‌ಗೆ ಸೋಲುತ್ತದೆ. ಶಾರ್ಟ್ ಅಂದರೆ ಶಾರ್ಟೇ. ಗೇಟುಗಳು ಹೈ ಆಗಿ ನಿಂತಷ್ಟು ಹೊತ್ತೂ 5 ವೋಲ್ಟ್, 50 ಓಮ್, ಅಂದರೆ 100 ಮಿಲಿಆಂಪ್ ಸುಮ್ನೆ ಹರಿಯುತ್ತದೆ. ಗೇಟಿಗೆ 20 ಮಿಲಿಆಂಪ್. 74ಎಸಿ ಐಸಿಗಳಿಗೆ ಹೇಳಿರುವ 24ರ ಒಳಗೇ ಇದೆ, ಆದರೂ ಒಳ್ಳೆಯ ಅಭ್ಯಾಸ ಅಲ್ಲ. ಮೂಲದಿಂದ ಬರುವ ದಾರಿಯಲ್ಲಿ ಒಂದು 100 ನ್ಯಾನೋಫ್ಯಾರಡ್ ಸೆರಾಮಿಕ್ ಹಾಕಿಬಿಡಿ. 10 ನ್ಯಾನೋಸೆಕೆಂಡ್ ಪಲ್ಸ್‌ಗೆ ಅದು ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಇನ್ನು ಮೂಲ ಕೆಳಗೆ ಬೀಳುವಾಗ ಅಷ್ಟೇ ಅಗಲದ ನೆಗೆಟಿವ್ ಪಲ್ಸ್ ಕೂಡ ಬರುತ್ತದೆ. ಕೆಪಾಸಿಟರ್, ಕಾಯಿಲ್‌ನಲ್ಲೂ ಬರುತ್ತದೆ. ಎಷ್ಟೋ ಸಲ ಅದರಿಂದ ತೊಂದರೆ ಇಲ್ಲ, ಎರಡರ ನಡುವೆ ಬೇಕಾದಷ್ಟು ಅಂತರ ಇಟ್ಟರೆ ಆಯಿತು. ಬೇಡವೇ ಬೇಡ ಅಂದರೆ ಸಾಲಿನಲ್ಲಿ ಒಂದು ಶಾಟ್ಕಿ ಡಯೋಡ್ ಹಾಕಬಹುದು. ಮಾಮೂಲಿ ಡಯೋಡ್ 1ಎನ್4148 ಎಲ್ಲ ಕಡೆ ಸಿಗುತ್ತದೆ, ಆದರೆ 0.7 ವೋಲ್ಟ್ ತಿನ್ನುತ್ತದೆ. ಚೇತರಿಸಿಕೊಳ್ಳಲು 4 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. 10 ನ್ಯಾನೋಸೆಕೆಂಡ್ ಪಲ್ಸ್‌ಗೆ ನಡೆಯುತ್ತದೆ, 2ಕ್ಕೆ ನಡೆಯುವುದಿಲ್ಲ. ಅಲ್ಲಿ ಶಾಟ್ಕಿ ಬಗೆಯ 1ಎನ್5711 ವಾಸಿ. ಡಯೋಡ್ ಹಾಕಿದ ಮೇಲೆ ತುಂಡಿಗೆ ಕಾಣುವ ಲೋಡ್ ಪಲ್ಸ್ ಇರುವಾಗ ಒಂದು, ಇಲ್ಲದಾಗ ಇನ್ನೊಂದು ಆಗುತ್ತದೆ. ಹಾಗಾಗಿ ಟೀ ಮತ್ತು ಡಯೋಡ್ ನಡುವೆ 6 ಡಿಬಿ ಪ್ಯಾಡ್ (ವೋಲ್ಟೇಜನ್ನು ಅರ್ಧ ಮಾಡುವ ರೆಸಿಸ್ಟರ್ ಜೋಡಣೆ) ಇಡಿ. ಗ್ರೌಂಡ್‌ಗೆ 150, ಸಾಲಿನಲ್ಲಿ 37ರ ಹತ್ತಿರದ್ದು, ಮತ್ತೆ ಗ್ರೌಂಡ್‌ಗೆ 150. ಮೂರು ರೆಸಿಸ್ಟರ್ ಅಷ್ಟೆ. ಡಯೋಡ್ ಕಡೆಯಿಂದ ತಿರುಗಿ ಬಂದದ್ದು ಪ್ಯಾಡನ್ನು ಎರಡು ಸಲ ದಾಟಿ ಕಾಲು ಭಾಗಕ್ಕೆ ಇಳಿಯುತ್ತದೆ. ಪಲ್ಸ್ ಕೂಡ ಅರ್ಧವಾಗುತ್ತದೆ. ಹಾಗಾಗಿ ಈ ಮೂಲದ ಮಟ್ಟಕ್ಕೆ ಡಯೋಡ್ ಮತ್ತು ಪ್ಯಾಡ್ ಎರಡೂ ಸೇರಿದರೆ ಕೊನೆಗೆ ಉಳಿಯುವುದು ತೀರಾ ಕಮ್ಮಿ. ನಾನಾದರೆ ನೆಗೆಟಿವ್ ಪಲ್ಸ್ ಜೊತೆ ಬದುಕುತ್ತೇನೆ.

ಚಾರ್ಜ್ ಮಾಡಿದ ಕೇಬಲ್: ಎತ್ತರ ಬೇಕು ಅನ್ನುವವರಿಗೆ

ಒಂದು ಕೇಬಲ್‌ನ ದೂರದ ತುದಿಯನ್ನು ತೆರೆದಿಟ್ಟು, ದೊಡ್ಡ ರೆಸಿಸ್ಟರ್ ಮೂಲಕ ಅದಕ್ಕೆ ವೋಲ್ಟೇಜ್ ತುಂಬಿ, ಇನ್ನೊಂದು ತುದಿಯನ್ನು ಥಟ್ಟನೆ ಲೋಡಿಗೆ ಸೇರಿಸಿದರೆ ತುಂಬಿದ್ದರ ಅರ್ಧ ಎತ್ತರದ ಚೌಕ ಪಲ್ಸ್ ಬರುತ್ತದೆ. ಅಗಲ ಮತ್ತೆ ಹೋಗಿ ಬರುವ ಹೊತ್ತು. 100 ವೋಲ್ಟ್ ತುಂಬಿದರೆ 50 ಓಮ್ ಮೇಲೆ 50 ವೋಲ್ಟ್, 1 ಆಂಪ್. ರೇಡಾರ್ ಕಾಲದಿಂದ ನಡೆದುಬಂದ ವಿಧಾನ. ಬ್ರಿಟಿಷ್ ಎಂಜಿನಿಯರ್ ಅಲನ್ ಬ್ಲಮ್ಲೈನ್ ಎರಡು ಲೈನ್ ಜೋಡಿಸಿ, ಅರ್ಧವಾಗದೆ ಪೂರ್ತಿ ವೋಲ್ಟೇಜೇ ಬರುವ ಹಾಗೆ ಮಾಡಿದ್ದು ಇದನ್ನೇ.

ಕಷ್ಟ ಇರುವುದು ಆ "ಥಟ್ಟನೆ"ಯಲ್ಲಿ. ಸ್ವಿಚ್ ಆಗಿ ಅವಲಾಂಚ್‌ಗೆ (ಹೆಚ್ಚು ವೋಲ್ಟೇಜಿನಲ್ಲಿ ಥಟ್ಟನೆ ಕರೆಂಟ್ ಬಿಡುವ ಸ್ಥಿತಿಗೆ) ತಂದ ಟ್ರಾನ್ಸಿಸ್ಟರ್ ಬೇಕು, ಇಲ್ಲವೇ ಪಾದರಸ ಸವರಿದ ಕಾಂಟ್ಯಾಕ್ಟ್ ಇರುವ ರಿಲೇ. ಪದೇ ಪದೇ ಹೊಡೆಯುವುದಕ್ಕೂ ಮಿತಿ ಇದೆ. 2 ಮೀಟರ್ ಆರ್‌ಜಿ-58ರ ಕೆಪಾಸಿಟೆನ್ಸ್ ಸುಮಾರು 200 ಪಿಕೋಫ್ಯಾರಡ್. 100 ಕಿಲೋಓಮ್ ಮೂಲಕ ತುಂಬಿದರೆ ಟೈಮ್ ಕಾನ್‌ಸ್ಟೆಂಟ್ 20 ಮೈಕ್ರೋಸೆಕೆಂಡ್, ಸೆಕೆಂಡಿಗೆ 10,000 ಸಲ ದಾಟಿದರೆ ಪೂರ್ತಿ ತುಂಬುವುದಿಲ್ಲ. ಜೊತೆಗೆ 50 ವೋಲ್ಟ್ ನೇರ ಐಸಿಗೋ ಸ್ಕೋಪ್‌ನ 50 ಓಮ್ ಇನ್‌ಪುಟ್‌ಗೋ ಹೋದರೆ ಅದರ ಕಥೆ ಮುಗಿಯಿತು. ಕಿಲೋಮೀಟರ್ ಉದ್ದದ ಕೇಬಲ್ ಪರೀಕ್ಷಿಸುವವರಿಗೆ, ಲೇಸರ್ ಡಯೋಡ್ ಓಡಿಸುವವರಿಗೆ ಸರಿ. ಕಲಿಯುವವರು ಇದರಿಂದ ಶುರು ಮಾಡಬೇಡಿ.

ಉದ್ದದ ಪಲ್ಸ್, ಮೆತ್ತನೆ ಎಡ್ಜ್

500 ನ್ಯಾನೋಸೆಕೆಂಡ್ ಪಲ್ಸ್ ಬೇಕಾದರೆ ಶಾರ್ಟ್ ತುಂಡು 50 ಮೀಟರ್ ಆಗುತ್ತದೆ. ಒಂದು ಸುರುಳಿ ಕೇಬಲ್ ಮೇಜಿನ ಮೇಲೆ ಇಡುವುದು ಹುಚ್ಚುತನ. ಅಲ್ಲಿ ಇಂಡಕ್ಟರ್, ಕೆಪಾಸಿಟರ್ ಏಣಿ ಕಟ್ಟುವುದು ವಾಸಿ. 500 ನ್ಯಾನೋಹೆನ್ರಿ, 200 ಪಿಕೋಫ್ಯಾರಡ್ ಸೇರಿದ ಒಂದೊಂದು ಮೆಟ್ಟಿಲೂ 50 ಓಮ್, 10 ನ್ಯಾನೋಸೆಕೆಂಡ್ ಕೊಡುತ್ತದೆ. 25 ಮೆಟ್ಟಿಲು ಹಾಕಿ ತುದಿ ಶಾರ್ಟ್ ಮಾಡಿದರೆ 500. ಎಡ್ಜ್ ಸ್ವಲ್ಪ ಮಂಕಾಗುತ್ತದೆ, ಅಷ್ಟು ಉದ್ದದ ಪಲ್ಸ್‌ಗೆ ಅದು ಲೆಕ್ಕಕ್ಕಿಲ್ಲ.

ಕೆಲವರಿಗೆ ಬೇಕಾದ್ದು ಉಲ್ಟಾ. ಎಡ್ಜ್ ತೀರಾ ಚೂಪಾಗಿ ಉದ್ದ ತಂತಿಯಲ್ಲಿ ರಿಂಗಿಂಗ್ (ಎಡ್ಜ್ ಆದ ಮೇಲೆ ವೋಲ್ಟೇಜ್ ಮೇಲೆ ಕೆಳಗೆ ಕುಣಿಯುವುದು) ಬರುತ್ತಿರುತ್ತದೆ. ಅದಕ್ಕೆ ಡ್ರೈವರ್ ಪಕ್ಕದಲ್ಲೇ ಸಾಲಿನಲ್ಲಿ 22 ಅಥವಾ 33 ಓಮ್ ಹಾಕಿದರೆ ಹೆಚ್ಚಿನ ಸಲ ಕೆಲಸ ಮುಗಿಯುತ್ತದೆ. ಎರಡೂ ಕಡೆ 50 ಇರುವ ಲೈನಿನಲ್ಲಿ ಗ್ರೌಂಡ್‌ಗೆ 100 ಪಿಕೋಫ್ಯಾರಡ್ ಹಾಕಿದರೆ ಎಡ್ಜ್ 5.5 ನ್ಯಾನೋಸೆಕೆಂಡ್‌ಗೆ ಮೆತ್ತಗಾಗುತ್ತದೆ.

ಏನು ಕೊಳ್ಳಬೇಕು, ಏನು ಬೇಡ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಬಿಎನ್‌ಸಿ ಕನೆಕ್ಟರ್ ಬೇಕಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಿಂತ ಸಿಸಿಟಿವಿ ಅಂಗಡಿಗೆ ಹೋಗಿ. ಕಡಿಮೆ ಬೆಲೆಗೆ ಸಿಗುತ್ತದೆ. ಆರ್‌ಜಿ-6 ಕೂಡ ಅಲ್ಲೇ. ಆದರೆ ಅದರ ಜಾಲರಿ ಹೆಚ್ಚಾಗಿ ಅಲ್ಯುಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಎಫ್ ಕನೆಕ್ಟರ್ ಹಾಕಿ, ತುದಿಯನ್ನು ಅಲ್ಲೇ ಶಾರ್ಟ್ ಮಾಡಬೇಕು. ತಾಮ್ರದ ಜಾಲರಿಯ ಆರ್‌ಜಿ-59 ಸಿಕ್ಕರೆ ಅದೂ 75 ಓಮೇ, ಬೆಸುಗೆ ಚೆನ್ನಾಗಿ ಕೂರುತ್ತದೆ. 74ಎಸಿ14, ಶಾಟ್ಕಿ ಡಯೋಡ್‌ಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಯಲ್ಲಿ ಹೇಳಿಕಳಿಸಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ.

ಬ್ರೆಡ್‌ಬೋರ್ಡ್ ಬೇಡ. ಅದರ ಪಕ್ಕಪಕ್ಕದ ಸಾಲುಗಳ ನಡುವೆಯೇ ಒಂದೆರಡು ಪಿಕೋಫ್ಯಾರಡ್ ಇರುತ್ತದೆ, ಜಿಗಿತಂತಿಗಳ ಇಂಡಕ್ಟೆನ್ಸ್ ಬೇರೆ. ಖಾಲಿ ತಾಮ್ರದ ಬೋರ್ಡ್ ತುಂಡೊಂದನ್ನು ಗ್ರೌಂಡ್ ಮಾಡಿ, ಅದರ ಮೇಲೆ ಕಾಲು ಗಿಡ್ಡ ಮಾಡಿ ಬೆಸೆಯಿರಿ. ಮೂರು ಟಿವಿ ಕೇಬಲ್ ಸೇರಿಸುವಾಗಲಂತೂ ಮೂರೂ ಒಂದೇ ಬಿಂದುವಿಗೆ ಬರಬೇಕು, ಉದ್ದ ತಂತಿ ಎಳೆಯಬಾರದು. ಸಣ್ಣ ಕೆಪಾಸಿಟರ್‌ಗೆ ಎನ್‌ಪಿ0 ಬಗೆಯ (ಬಿಸಿಗೆ ಬೆಲೆ ಬದಲಾಗದ) ಸೆರಾಮಿಕ್ ಕೇಳಿ. ಪ್ಯಾಡಿಗೂ ಕೇಬಲ್ ತುದಿಯ 50 ಓಮ್ ಲೋಡಿಗೂ ವೈರ್‌ವೌಂಡ್ ರೆಸಿಸ್ಟರ್ ಮುಟ್ಟಲೇಬೇಡಿ, ಅದು ಒಳಗೆ ಸುರುಳಿಯೇ ಅಲ್ವಾ.

ಅಳೆಯುವಾಗ 100 ಮೆಗಾಹರ್ಟ್ಸ್ ಸ್ಕೋಪ್‌ನ ಸ್ವಂತ ಎಡ್ಜ್ 3.5 ನ್ಯಾನೋಸೆಕೆಂಡ್, 50 ಮೆಗಾಹರ್ಟ್ಸ್‌ದು 7. ಅದಕ್ಕಿಂತ ಚೂಪಾದದ್ದು ತೆರೆಯ ಮೇಲೆ ಕಾಣುವುದಿಲ್ಲ. ಹಾಗಾಗಿ ಇಂಥ ಸ್ಕೋಪ್ ಇರುವವರು 2 ನ್ಯಾನೋಸೆಕೆಂಡ್ ಪಲ್ಸ್ ಹಿಂದೆ ಬೀಳದೆ ಒಂದು ಮೀಟರ್ ತುಂಡಿನಿಂದ ಶುರು ಮಾಡಿ, ಆಮೇಲೆ ಕತ್ತರಿಸುತ್ತಾ ಬನ್ನಿ. ಪ್ರೋಬ್ ಬಳಸಬೇಡಿ. ಅದರ ಮೊಸಳೆ ಕ್ಲಿಪ್ಪಿನ ಗ್ರೌಂಡ್ ತಂತಿ ಮತ್ತು ಪ್ರೋಬ್‌ನ ಕೆಪಾಸಿಟೆನ್ಸ್ ಸೇರಿ 100 ಮೆಗಾಹರ್ಟ್ಸ್ ಸುತ್ತಮುತ್ತ ತಾವೇ ಕುಣಿಯುತ್ತವೆ, ನೋಡಿದವರು ಸರ್ಕ್ಯೂಟಿನ ತಪ್ಪು ಅಂದುಕೊಳ್ಳುತ್ತಾರೆ. ಕೇಬಲನ್ನೇ ಸ್ಕೋಪ್‌ವರೆಗೆ ತಂದು, ಸ್ಕೋಪ್‌ನ ಬಾಯಲ್ಲಿ ಒಂದು ಟೀ ಹಾಕಿ, ಅದರ ಇನ್ನೊಂದು ಕಡೆ ಎರಡು 100 ಓಮ್ ರೆಸಿಸ್ಟರ್‌ಗಳನ್ನು ಸಮಾನಾಂತರವಾಗಿ ಬೆಸೆದ ಬಿಎನ್‌ಸಿ ಪ್ಲಗ್ ಸಿಕ್ಕಿಸಿ. ತೋಟದ 75 ಓಮ್ ಕೇಬಲ್ ಪರೀಕ್ಷಿಸುವಾಗ 50ರಿಂದ 75ಕ್ಕೆ ಹೋಗುವ ಜಾಗದಲ್ಲೇ 20 ಪರ್ಸೆಂಟ್ ಪ್ರತಿಧ್ವನಿ ಬರುತ್ತದೆ, ಅದನ್ನು ತೊಂದರೆ ಅಂತ ತಿಳಿಯಬೇಡಿ. ಅದರ ನಂತರ ಬರುವ ಉಬ್ಬು ಮೇಲ್ಮುಖವಾಗಿದ್ದರೆ ಅದು ಕೇಬಲ್ ಕಡಿದುಹೋದ ಜಾಗ, ಕೆಳಮುಖವಾಗಿದ್ದರೆ ಶಾರ್ಟ್ ಆದದ್ದು ಅಥವಾ ನೀರು ಕುಡಿದದ್ದು. ಹೊತ್ತನ್ನು ನ್ಯಾನೋಸೆಕೆಂಡ್‌ನಲ್ಲಿ ಓದಿ. ಆರ್‌ಜಿ-6 ಆದರೆ 8ರಿಂದ, ಗಟ್ಟಿ ಪಾಲಿಥೀನಿನ ಕೇಬಲ್ ಆದರೆ 10ರಿಂದ ಭಾಗಿಸಿ. ಬಂದದ್ದು ಮೀಟರ್.